ಹಡಗು ಹತ್ತುವ ಮೊದಲು ಪೋರ್ಟ್: ಲಿಸ್ಬನ್, ಪೋರ್ಟೊ, ಡೋರೊ ಕಣಿವೆ

ಕ್ರೂಸ್ ಹೊರಡುವ ದಿನವೇ ವಿಮಾನದಿಂದ ಇಳಿಯಬೇಡಿ ಎಂದು ಹಡಗಿನಲ್ಲಿ ಹೋಗಿ ಬಂದವರೆಲ್ಲ ಹೇಳುತ್ತಾರೆ. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಸೂಟ್‌ಕೇಸ್ ಹಿಂದೆ ಉಳಿದರೆ ಅದು ಮುಂದಿನ ಬಂದರಿಗೆ ಬಂದು ಸೇರುತ್ತದೋ ಇಲ್ಲವೋ, ದೇವರೇ ಬಲ್ಲ. ನಮ್ಮ ಹಡಗು ಪೋರ್ಚುಗಲ್‌ನ ಲಿಸ್ಬನ್ನಿನಿಂದ ಮಡೈರಾ, ಅಲ್ಲಿಂದ ಕ್ಯಾನರಿ ದ್ವೀಪಗಳು, ಮತ್ತೆ ಲಿಸ್ಬನ್. ಎಲ್ಲವೂ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪ್ ದೇಶಗಳ ಗುಂಪು) ಒಳಗೇ ಇರುವುದರಿಂದ ವೀಸಾ ತಲೆನೋವು ಒಂದೇ ಸಲಕ್ಕೆ ಮುಗಿಯಿತು. ನಿಮ್ಮ ಹಡಗು ನಡುವೆ ಮೊರಾಕ್ಕೊಗೆ ಹೋಗುವುದಾದರೆ ವೀಸಾದಲ್ಲಿ ಮಲ್ಟಿಪಲ್ ಎಂಟ್ರಿ, ಅಂದರೆ ಹೊರಗೆ ಹೋಗಿ ಮತ್ತೆ ಒಳಗೆ ಬರುವ ಅನುಮತಿ, ಇದೆಯಾ ಎಂದು ನೋಡಿಕೊಳ್ಳಿ.

ಒಂದು ದಿನ ಮುಂಚೆ ಹೋಗಿದ್ದರೆ ಸಾಕಿತ್ತು. ಆದರೆ ಅದು ಸೆಪ್ಟೆಂಬರ್ ಕೊನೆ, ಡೋರೊ ಕಣಿವೆಯಲ್ಲಿ ದ್ರಾಕ್ಷಿ ಕೊಯ್ಲಿನ ಕಾಲ. ನನಗೆ ವೈನ್ ಇಷ್ಟ. ಇವರಿಗೆ ರೈಲು, ಸೇತುವೆ, ಹಳೇ ಕಥೆ ಇಷ್ಟ. ಪೋರ್ಟ್ ಎಂಬ ಸಿಹಿಯಾದ, ಜೋರಾದ ವೈನಿನ ಊರಿಗೆ ಹೋದರೆ ಎಲ್ಲವೂ ಸಿಗುತ್ತದೆ ಎಂದು ಇವರನ್ನು ಒಪ್ಪಿಸಿದೆ.

ಸೋಮವಾರ, ಲಿಸ್ಬನ್

ಮಧ್ಯಾಹ್ನ ಇಳಿದೆವು. ಹೋಟೆಲ್ ಇದ್ದದ್ದು ಬೈಶಾದಲ್ಲಿ. ಲಿಸ್ಬನ್ ಬೆಟ್ಟಗುಡ್ಡಗಳ ಊರು, ಆದರೆ ಬೈಶಾ ಮಾತ್ರ ಚಪ್ಪಟೆ, ಬೀದಿಗಳು ದಾರ ಹಿಡಿದು ಎಳೆದಷ್ಟು ನೇರ. ಕಾರಣ ಭೂಕಂಪ. 1755ರ ನವೆಂಬರ್ 1, ಸಂತರ ಹಬ್ಬದ ಬೆಳಗ್ಗೆ, ಜನರೆಲ್ಲ ಚರ್ಚುಗಳಲ್ಲಿದ್ದಾಗ ನೆಲ ನಡುಗಿತು. ಹಿಂದೆಯೇ ಸುನಾಮಿ ಬಂತು. ಉಳಿದದ್ದನ್ನು ಬೆಂಕಿ ತಿಂದಿತು. ನದಿ ದಡದಲ್ಲಿದ್ದ ಅರಮನೆ ಅದರ ಗ್ರಂಥಾಲಯದ ಸಮೇತ ಹೋಯಿತು. ರಾಜ ಮೊದಲನೇ ಜೋಸೆಗೆ ಆಮೇಲೆ ಕಲ್ಲಿನ ಕಟ್ಟಡ ಎಂದರೆ ಎಷ್ಟು ಹೆದರಿಕೆ ಎಂದರೆ, ಡೇರೆ ಮತ್ತು ಮರದ ಮನೆಯಲ್ಲೇ ಕಾಲ ಕಳೆದ. ಊರನ್ನು ಮತ್ತೆ ಕಟ್ಟಿಸಿದವನು ಅವನ ಮಂತ್ರಿ, ಮುಂದೆ ಪೊಂಬಾಲ್‌ನ ಮಾರ್ಕ್ವಿಸ್ ಎಂದು ಹೆಸರಾದವನು. ಗೋಡೆಯೊಳಗೆ ಮರದ ಪಂಜರ ಕೂರಿಸಿ, ಮಾದರಿ ಕಟ್ಟಡದ ಸುತ್ತ ಸೈನಿಕರಿಗೆ ಕವಾಯತು ಮಾಡಿಸಿ, ನಡುಕ ತಡೆಯುತ್ತದಾ ಎಂದು ನೋಡಿಸಿದನಂತೆ. ಈ ಮನುಷ್ಯ ನಮಗೆ ವೈನ್ ಕಥೆಯಲ್ಲೂ ಸಿಗುತ್ತಾನೆ.

ಸಂಜೆ ಅಲ್ಫಾಮಾ ಕಡೆ ಹತ್ತಿದೆವು. ಗಟ್ಟಿ ಬಂಡೆಯ ಮೇಲಿರುವ ಈ ಹಳೇ ಕೇರಿ ಭೂಕಂಪದಲ್ಲಿ ಬಹುಪಾಲು ಉಳಿದುಕೊಂಡಿತು. ಹಳದಿ ಬಣ್ಣದ 28ನೇ ನಂಬರ್ ಟ್ರಾಮ್ ಎಲ್ಲರೂ ಹತ್ತುತ್ತಾರೆ, ನಾವು ಹತ್ತಲಿಲ್ಲ. ಉಸಿರಾಡಲು ಜಾಗವಿರಲಿಲ್ಲ, ಜೇಬುಗಳ್ಳರ ಬಗ್ಗೆ ಎಚ್ಚರಿಕೆ ಬೋರ್ಡ್ ಬೇರೆ. ನಡೆದರೆ ಮೊಣಕಾಲು ನೋಯುತ್ತದೆ ನಿಜ, ಆದರೆ ತಿರುವಿನಲ್ಲಿ ತೇಜೊ ನದಿ ಕಂಡಾಗ ನಿಲ್ಲಬಹುದು.

ಊಟಕ್ಕೆ ಕೂತ ತಕ್ಷಣ ಬ್ರೆಡ್, ಆಲಿವ್, ಚೀಸ್ ತಂದಿಟ್ಟರು. ಇದು ಪುಕ್ಕಟೆ ಅಲ್ಲ. ಮುಟ್ಟಿದರೆ ಬಿಲ್ಲಿಗೆ ಬರುತ್ತದೆ, ಬೇಡ ಎಂದರೆ ಬೇಸರವಿಲ್ಲದೆ ತೆಗೆದುಕೊಂಡು ಹೋಗುತ್ತಾರೆ. ನಾವು ವೈನ್ ಕುಡಿಯುವ ಸಸ್ಯಾಹಾರಿಗಳು. ಪೋರ್ಚುಗಲ್‌ನಲ್ಲಿ ಇದು ಸ್ವಲ್ಪ ಕಷ್ಟದ ಜಾತಿ. ಕಾಲ್ದೊ ವೆರ್ದೆ ಎಂಬ ಹಸಿರು ಸೊಪ್ಪಿನ ಸೂಪಿನಲ್ಲೂ ಸಾಸೇಜಿನ ಚೂರು ತೇಲುತ್ತಿರುತ್ತದೆ, ಕೇಳಿ ತೆಗೆಸಬೇಕು. ಆದರೆ ಸೆರ್ರಾ ದ ಎಸ್ಟ್ರೇಲಾ ಚೀಸ್ ನಮಗಾಗಿಯೇ ಮಾಡಿದ ಹಾಗಿದೆ. ಕುರಿ ಹಾಲನ್ನು ಹೆಪ್ಪುಗಟ್ಟಿಸಲು ಅವರು ಕರುವಿನ ಹೊಟ್ಟೆಯ ರೆನೆಟ್ ಹಾಕುವುದಿಲ್ಲ, ಒಂದು ಮುಳ್ಳುಗಿಡದ ಹೂವು ಹಾಕುತ್ತಾರೆ. ಒಳಗೆ ಬೆಣ್ಣೆಯಷ್ಟು ಮೆತ್ತಗೆ, ಚಮಚದಲ್ಲಿ ತೆಗೆದು ಬ್ರೆಡ್ಡಿಗೆ ಹಚ್ಚಬೇಕು.

ಮಂಗಳವಾರ, ಪೋರ್ಟೊ

ಸಾಂತಾ ಅಪೊಲೋನಿಯಾ ಸ್ಟೇಷನ್ನಿನಿಂದ ಅಲ್ಫಾ ಪೆಂಡುಲಾರ್ ರೈಲು, ಸುಮಾರು ಮೂರು ಗಂಟೆ. ಕ್ರೂಸ್ ಟರ್ಮಿನಲ್ ಈ ಸ್ಟೇಷನ್ನಿನ ಪಕ್ಕದಲ್ಲೇ ಇದೆ. ಶನಿವಾರ ಎಲ್ಲಿಗೆ ಬರಬೇಕು ಎಂದು ನೋಡಿಟ್ಟುಕೊಂಡೆವು. ಪೋರ್ಟೊದ ಕಂಪನ್ಯಾ ಸ್ಟೇಷನ್ನಿನಲ್ಲಿ ಇಳಿದು, ಲೋಕಲ್ ರೈಲು ಹಿಡಿದು, ಊರ ನಡುವಿನ ಸಾವ್ ಬೆಂತೊಗೆ ಬರಬೇಕು.

ಸಾವ್ ಬೆಂತೊ ಸ್ಟೇಷನ್ನಿನ ಹಾಲ್‌ನಲ್ಲಿ ನಮ್ಮಿಬ್ಬರದೂ ಬಾಯಿ ಕಟ್ಟಿಹೋಯಿತು. ಗೋಡೆ ತುಂಬ ನೀಲಿ ಬಿಳಿ ಟೈಲ್ಸ್, ಸುಮಾರು 20,000. ಜಾರ್ಜ್ ಕೊಲಾಸೊ ಎಂಬ ಕಲಾವಿದ 20ನೇ ಶತಮಾನದ ಶುರುವಿನಲ್ಲಿ ಬರೆದದ್ದು. ಯುದ್ಧ, ರಾಜರ ಮದುವೆ, ಜಾತ್ರೆ, ಹೊಲ, ದ್ರಾಕ್ಷಿ ತೋಟ ಎಲ್ಲ ಇದೆ. ಒಂದು ದೊಡ್ಡ ಚಿತ್ರ 1415ರಲ್ಲಿ ಪೋರ್ಚುಗೀಸರು ಆಫ್ರಿಕಾದ ಸೆವುಟಾ ಹಿಡಿದದ್ದು. ಆ ದಂಡಯಾತ್ರೆಯ ಹಡಗುಗಳಿಗೆ ಊರಿನ ಒಳ್ಳೇ ಮಾಂಸವನ್ನೆಲ್ಲ ಕೊಟ್ಟು ಪೋರ್ಟೊ ಜನ ಕರುಳು, ಜಠರ ಮಾತ್ರ ಇಟ್ಟುಕೊಂಡರಂತೆ. ಅದಕ್ಕೇ ಇಂದಿಗೂ ಅವರಿಗೆ ಕರುಳು ತಿನ್ನುವವರು ಎಂಬ ಅಡ್ಡಹೆಸರು. ಅವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

"ನೋಡ್ರೀ, ಇಲ್ಲಿ ಊಟದ ಕಥೆಯೂ ಹಡಗಿನಿಂದಲೇ ಶುರುವಾಗುತ್ತೆ" ಎಂದೆ.

"ವೈನ್ ಕಥೆಯೂ ಅಷ್ಟೇ ಕಣೇ, ನಾಳೆ ನೋಡು" ಎಂದರು. ಮೊದಲೇ ಓದಿಕೊಂಡು ಬಂದಿದ್ದರು.

ಲೆಲ್ಲೊ ಎಂಬ ಪ್ರಸಿದ್ಧ ಪುಸ್ತಕದಂಗಡಿ ಇದೆ, 1906ರದ್ದು. ಒಳಗೆ ಹೋಗಲು ಟಿಕೆಟ್ಟು, ಬೀದಿಯುದ್ದ ಸಾಲು. ಪುಸ್ತಕ ಕೊಂಡರೆ ಟಿಕೆಟ್ ಹಣ ಕಳೆಯುತ್ತಾರೆ. ಸಾಲು ನೋಡಿ ಮುಂದೆ ಹೋದೆವು. ಬದಲಿಗೆ ಕ್ಲೆರಿಗೊಸ್ ಗೋಪುರ ಹತ್ತಿದೆವು. 1763ರಲ್ಲಿ ಮುಗಿದದ್ದು, 75 ಮೀಟರ್ ಎತ್ತರ, ಮೇಲೆ ಹೋಗುತ್ತಾ ಹೋಗುತ್ತಾ ಎದುರಿಗೆ ಬಂದವರಿಗೆ ದಾರಿ ಬಿಡಲು ಗೋಡೆಗೆ ಅಂಟಿಕೊಳ್ಳಬೇಕು.

ಸಂಜೆಯ ಸೇತುವೆ ಮಾತ್ರ ಯಾರೂ ಬಿಡಬಾರದು. ಡೋರೊ ನದಿಯ ಮೇಲೆ ಎರಡು ಅಂತಸ್ತಿನ ಕಬ್ಬಿಣದ ಕಮಾನು, ಡೋಂ ಲೂಯಿಸ್ ಸೇತುವೆ. 1886ರಲ್ಲಿ ಮೇಲಿನ ಅಂತಸ್ತು ತೆರೆಯಿತು. ಇದನ್ನು ಪ್ಯಾರಿಸ್ ಗೋಪುರದ ಐಫೆಲ್ ಕಟ್ಟಿದ್ದು ಎಂದು ಬಹಳ ಜನ ಹೇಳುತ್ತಾರೆ. ಅಲ್ಲ, ಇದರ ನಕ್ಷೆ ಮಾಡಿದವನು ತೆಯೋಫಿಲ್ ಸೇರಿಗ್, ಮೊದಲು ಐಫೆಲ್‌ನ ಪಾಲುದಾರನಾಗಿದ್ದವನು. ಐಫೆಲ್ ಕಂಪನಿಯ ಸೇತುವೆ ಇದೇ ನದಿಯಲ್ಲಿ ಇನ್ನೂ ಸ್ವಲ್ಪ ಮೇಲಕ್ಕಿದೆ, 1877ರ ಮರಿಯಾ ಪಿಯಾ, ಈಗ ಅದರ ಮೇಲೆ ರೈಲು ಓಡುವುದಿಲ್ಲ. ಲೂಯಿಸ್ ಸೇತುವೆಯ ಮೇಲಂತಸ್ತಿನಲ್ಲಿ ಮೆಟ್ರೊ ರೈಲು ನಿಧಾನಕ್ಕೆ ಗಂಟೆ ಬಾರಿಸುತ್ತಾ ಬರುತ್ತದೆ, ಜನ ಪಕ್ಕಕ್ಕೆ ಸರಿಯುತ್ತಾರೆ. ಆಚೆ ದಡದಲ್ಲಿ ಕೆಂಪು ಹೆಂಚಿನ ಉದ್ದುದ್ದ ಮಾಡುಗಳು. ಒಂದೊಂದರ ಮೇಲೂ ವೈನ್ ಕಂಪನಿಯ ಹೆಸರು ದೊಡ್ಡ ಅಕ್ಷರದಲ್ಲಿದೆ.

ಬುಧವಾರ, ಗಾಯಾ

ಪೋರ್ಟೊದ ಎದುರು ದಡ ಬೇರೆಯೇ ಊರು, ವಿಲಾ ನೋವಾ ದ ಗಾಯಾ. ಪೋರ್ಟ್ ವೈನ್ ಪೋರ್ಟೊದಲ್ಲಿ ಬೆಳೆಯುವುದಿಲ್ಲ, ಪೋರ್ಟೊದಲ್ಲಿ ಮಾಗುವುದೂ ಇಲ್ಲ. ದ್ರಾಕ್ಷಿ ಬೆಳೆಯುವುದು ನದಿಯ ಮೇಲ್ಭಾಗದ ಕಣಿವೆಯಲ್ಲಿ, ವೈನ್ ಮಾಗುವುದು ಗಾಯಾದಲ್ಲಿ. ಪೋರ್ಟೊ ಹೆಸರು ಕೊಟ್ಟಿತು ಅಷ್ಟೆ. ಕಣಿವೆಯ ಬಿಸಿಲು ವೈನನ್ನು ಬೇಗ ಕೆಡಿಸುತ್ತದೆ. ಗಾಯಾದ ದಡ ಉತ್ತರಕ್ಕೆ ಮುಖ ಮಾಡಿದೆ, ಅಟ್ಲಾಂಟಿಕ್ ತಂಪುಗಾಳಿ ಬರುತ್ತದೆ. ಅದಕ್ಕೇ ಗೋದಾಮುಗಳೆಲ್ಲ ಇಲ್ಲಿ. 1986ರವರೆಗೆ ರಫ್ತಾಗುವ ಪೋರ್ಟ್ ಗಾಯಾದ ಮೂಲಕವೇ ಹೋಗಬೇಕು ಎಂಬ ಕಾನೂನೂ ಇತ್ತು.

ಬೆಳಗ್ಗೆ ಫೆರೇರಾ ಎಂಬ ವೈನ್ ಕಂಪನಿಯ ಗೋದಾಮು. ಒಳಗೆ ಕಾಲಿಟ್ಟರೆ ಮೊದಲು ಬರುವುದು ವಾಸನೆ. ಹಳೇ ಮರ, ಒದ್ದೆ ನೆಲ, ಒಣದ್ರಾಕ್ಷಿ, ಸ್ವಲ್ಪ ಬ್ರಾಂದಿಯ ಘಾಟು. ಕತ್ತಲಲ್ಲಿ ಸಾಲು ಸಾಲು ಪೀಪಾಯಿಗಳು. ಗೈಡ್ ಹುಡುಗಿ ಚುರುಕು, ಬಾಯಿಪಾಠ ಒಪ್ಪಿಸುವವಳಲ್ಲ.

ಅವಳಿಂದ ತಿಳಿದದ್ದು, ಇವರು ಓದಿದ್ದು ಎರಡೂ ಸೇರಿಸಿ ಹೇಳುತ್ತೇನೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ಮೇಲಿಂದ ಮೇಲೆ ಜಗಳ. ಫ್ರೆಂಚ್ ವೈನ್ ಸಿಗದಿದ್ದಾಗ ಇಂಗ್ಲಿಷ್ ವ್ಯಾಪಾರಿಗಳು ಪೋರ್ಚುಗಲ್ ಕಡೆ ತಿರುಗಿದರು. 1703ರಲ್ಲಿ ಇಂಗ್ಲೆಂಡ್, ಪೋರ್ಚುಗಲ್ ಮಾಡಿಕೊಂಡ ಮೆಥುಯೆನ್ ಒಪ್ಪಂದದಲ್ಲಿ ಪೋರ್ಚುಗೀಸ್ ವೈನಿಗೆ ಫ್ರೆಂಚ್ ವೈನಿಗಿಂತ ಮೂರನೇ ಒಂದು ಭಾಗ ಕಡಿಮೆ ಸುಂಕ ಎಂದಾಯಿತು. ಆದರೆ ಸಮುದ್ರದ ಮೇಲೆ ವಾರಗಟ್ಟಲೆ ಕುಲುಕಿದ ವೈನ್ ಹುಳಿಯಾಗುತ್ತಿತ್ತು. ಕೆಡದಿರಲಿ ಎಂದು ಪೀಪಾಯಿಗೆ ಸ್ವಲ್ಪ ಬ್ರಾಂದಿ ಸುರಿದು ಹಡಗಿಗೆ ಏರಿಸಿದರು. ಅಂದರೆ ಪೋರ್ಟ್ ಇಂದು ಹೀಗಿರುವುದಕ್ಕೆ ಅರ್ಧ ಕಾರಣ ಹಡಗು.

ಆಮೇಲೆ ಆ ಬ್ರಾಂದಿಯನ್ನು ಕೊನೆಯಲ್ಲಿ ಹಾಕುವ ಬದಲು, ರಸ ಇನ್ನೂ ಹುದುಗುತ್ತಿರುವಾಗಲೇ ಹಾಕುವ ಪದ್ಧತಿ ಬಂತು. ಈಗಲೂ ಹಾಗೇ. ದ್ರಾಕ್ಷಿಯ ಸಕ್ಕರೆ ಅರ್ಧ ಆಲ್ಕೋಹಾಲ್ ಆಗಿರುವಾಗ 77 ಶೇಕಡಾ ಆಲ್ಕೋಹಾಲ್ ಇರುವ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಸುಮಾರು ನಾಲ್ಕು ಪಾಲು ರಸಕ್ಕೆ ಒಂದು ಪಾಲು. ಹುದುಗಿಸುವ ಯೀಸ್ಟ್ ಸಾಯುತ್ತದೆ, ಉಳಿದ ಸಕ್ಕರೆ ಹಾಗೇ ಉಳಿಯುತ್ತದೆ. ಅದಕ್ಕೇ ಪೋರ್ಟ್ ಸಿಹಿ, ಅದಕ್ಕೇ ಅದು ಜೋರು. ಸಾಮಾನ್ಯ ವೈನಿನಲ್ಲಿ ಆಲ್ಕೋಹಾಲ್ 12, 13 ಶೇಕಡಾ ಆದರೆ ಇದರಲ್ಲಿ 20ರ ಆಸುಪಾಸು. ಚಿಕ್ಕ ಗ್ಲಾಸಿನಲ್ಲಿ ಯಾಕೆ ಕೊಡುತ್ತಾರೆ ಎಂದು ಮೂರನೇ ಗ್ಲಾಸಿಗೆ ಅರ್ಥವಾಗುತ್ತದೆ.

ಪೊಂಬಾಲ್ ಇಲ್ಲಿ ಮತ್ತೆ ಬರುತ್ತಾನೆ. ಬೇಡಿಕೆ ಹೆಚ್ಚಾದಾಗ ಕೆಲವರು ಬಣ್ಣಕ್ಕೆ ಎಲ್ಡರ್‌ಬೆರಿ ಎಂಬ ಕಾಡುಹಣ್ಣಿನ ರಸ ಬೆರೆಸತೊಡಗಿದರು. ಭೂಕಂಪವಾದ ಮರುವರ್ಷ, 1756ರಲ್ಲಿ, ಇವನು ಡೋರೊ ಕಣಿವೆಗೆ ಗಡಿ ಹಾಕಿದ. ಗಡಿಗೆ ಗ್ರಾನೈಟ್ ಕಲ್ಲು ನೆಡಿಸಿದ. ಇದರೊಳಗೆ ಬೆಳೆದದ್ದು ಮಾತ್ರ ಪೋರ್ಟ್ ಎಂದ. ಆ ಕಾಡುಹಣ್ಣಿನ ಗಿಡಗಳನ್ನು ಕೀಳಿಸಿಯೇಬಿಟ್ಟ. ಒಂದೂರು ಕುಸಿದು ಬಿದ್ದಿರುವಾಗ ವೈನ್ ಕಲಬೆರಕೆಯ ಬಗ್ಗೆ ತಲೆ ಕೆಡಿಸಿಕೊಂಡವನು ಎಂದು ನಗಬಹುದು. ಆದರೆ ಊರು ಕಟ್ಟಲು ಹಣ ಬೇಕಿತ್ತು, ಹಣ ಈ ಪೀಪಾಯಿಗಳಲ್ಲಿತ್ತು.

ಫೆರೇರಾದಲ್ಲಿ ನನಗೆ ಹಿಡಿಸಿದ್ದು ಅದರ ಹಿಂದಿನ ಒಡತಿ ದೋನಾ ಅಂತೋನಿಯಾಳ ಕಥೆ. 1811ರಲ್ಲಿ ಹುಟ್ಟಿದವಳು. ಮೂವತ್ತರ ಆಸುಪಾಸಿನಲ್ಲೇ ವಿಧವೆಯಾಗಿ ವ್ಯಾಪಾರ ಕೈಗೆ ತೆಗೆದುಕೊಂಡು, ತೋಟದ ಮೇಲೆ ತೋಟ ಮಾಡಿದಳು. 1861ರಲ್ಲಿ ಅವಳಿದ್ದ ದೋಣಿ ಡೋರೊದ ವಲೇರಾ ಸುಳಿಯಲ್ಲಿ ಮಗುಚಿತು. ಜೊತೆಗಿದ್ದ ಫಾರೆಸ್ಟರ್ ಎಂಬ ಬ್ರಿಟಿಷ್ ವೈನ್ ವ್ಯಾಪಾರಿ, ಇಡೀ ನದಿಯ ನಕ್ಷೆ ಬರೆದವನೇ, ಮುಳುಗಿ ಸತ್ತ. ಅವನ ಸೊಂಟದ ಪಟ್ಟಿಯಲ್ಲಿದ್ದ ಚಿನ್ನದ ನಾಣ್ಯ ಎಳೆದುಕೊಂಡು ಹೋಯಿತಂತೆ, ಅವಳನ್ನು ಅಗಲವಾದ ಲಂಗ ತೇಲಿಸಿತಂತೆ. ಇದು ಜನ ಹೇಳುವ ಕಥೆ, ಇರಲಿ, ಚೆನ್ನಾಗಿದೆ.

ಮಧ್ಯಾಹ್ನ ಇನ್ನೊಂದು ಗೋದಾಮಿನಲ್ಲಿ ಕೂತು ರುಚಿ ನೋಡಿದೆವು. ಪೋರ್ಟಿನಲ್ಲಿ ಹಲವು ಬಗೆ. ರೂಬಿ ದೊಡ್ಡ ತೊಟ್ಟಿಯಲ್ಲಿ ಮಾಗುತ್ತದೆ, ಗಾಳಿ ಕಡಿಮೆ, ಆದ್ದರಿಂದ ಕೆಂಪು ಹಾಗೇ ಉಳಿಯುತ್ತದೆ. ನಾಲಿಗೆಗೆ ನೇರಳೆ ಹಣ್ಣಿನ ಒಗರು. ಟಾನಿ ಚಿಕ್ಕ ಪೀಪಾಯಿಯಲ್ಲಿ ವರ್ಷಗಟ್ಟಲೆ ಮರದ ಮೂಲಕ ಉಸಿರಾಡುತ್ತದೆ. ಕೆಂಪು ಹೋಗಿ ಜೇನಿನ ಬಣ್ಣ ಬರುತ್ತದೆ, ಹಣ್ಣು ಹೋಗಿ ಬಾದಾಮಿ, ಅಂಜೂರ, ಸುಟ್ಟ ಸಕ್ಕರೆ ಬರುತ್ತದೆ. ಬಾಟಲಿ ಮೇಲಿನ 10, 20, 30, 40 ಎಂದರೆ ಅಷ್ಟೇ ವರ್ಷ ಎಂದಲ್ಲ. ಬೇರೆ ಬೇರೆ ವಯಸ್ಸಿನದನ್ನು ಬೆರೆಸಿ ಆ ವಯಸ್ಸಿನ ರುಚಿ ತರುತ್ತಾರೆ. ವಿಂಟೇಜ್ ಬೇರೆ ದಾರಿ. ಒಂದೇ ಒಳ್ಳೇ ವರ್ಷದ್ದು, ಎರಡು ವರ್ಷಕ್ಕೇ ಬಾಟಲಿಗೆ ಹೋಗಿ, ಬಾಟಲಿಯಲ್ಲೇ ದಶಕಗಟ್ಟಲೆ ಮಾಗುತ್ತದೆ. ಅದನ್ನು ತೆರೆದರೆ ಒಂದೆರಡು ದಿನದಲ್ಲಿ ಮುಗಿಸಬೇಕು. ಟಾನಿ ಆದರೆ ತೆರೆದ ಮೇಲೂ ವಾರಗಟ್ಟಲೆ ಇರುತ್ತದೆ.

ವಿಂಟೇಜಿನ ಹೆಸರು ದೊಡ್ಡದು. ನನ್ನ ಓಟು 20ರ ಟಾನಿಗೆ. ದುಡ್ಡಿಗೆ ತಕ್ಕ ಸುಖ ಅದರಲ್ಲೇ ಜಾಸ್ತಿ. 40ರದ್ದು ಎರಡು ಮೂರು ಪಟ್ಟು ಬೆಲೆ, ಆದರೆ ರುಚಿ ಅಷ್ಟು ಪಟ್ಟು ಏರುವುದಿಲ್ಲ. ಇವರಿಗೆ ಬಿಳಿ ಪೋರ್ಟಿಗೆ ಟಾನಿಕ್ ನೀರು, ಐಸ್ ಸೇರಿಸಿ ಕೊಟ್ಟದ್ದು ಇಷ್ಟವಾಯಿತು. ಟಾನಿ ಬಗ್ಗೆ "ಚೆನ್ನಾಗಿದೆ, ಕೆಮ್ಮಿನ ಔಷಧಿ ತರಹ" ಎಂದರು. ಗೈಡಿಗೆ ಕನ್ನಡ ಬರದಿದ್ದದ್ದು ಒಳ್ಳೇದಾಯಿತು.

ಗುರುವಾರ, ಡೋರೊ ಕಣಿವೆ

ಸಾವ್ ಬೆಂತೊದಿಂದ ಕಣಿವೆಯ ಪಿನ್ಯಾವ್ ಎಂಬ ಊರಿಗೆ ಸುಮಾರು ಎರಡೂವರೆ ಗಂಟೆಯ ರೈಲು. ಹೋಗುವಾಗ ಬಲಗಡೆ ಕೂರಿ. ಮೊದಲ ಒಂದು ಗಂಟೆ ಏನೂ ಇಲ್ಲ, ಇವರು ನಿದ್ದೆ ಹೊಡೆದರು. ಆಮೇಲೆ ಹಳಿ ಇದ್ದಕ್ಕಿದ್ದಂತೆ ನದಿಗೆ ಇಳಿಯುತ್ತದೆ, ಅಲ್ಲಿಂದ ಪಿನ್ಯಾವ್ ತನಕ ನೀರಿನ ಪಕ್ಕದಲ್ಲೇ ಓಡುತ್ತದೆ. ಎರಡೂ ಕಡೆ ಬೆಟ್ಟ, ಬುಡದಿಂದ ತುದಿವರೆಗೆ ಮೆಟ್ಟಿಲು ಕಟ್ಟಿದ ದ್ರಾಕ್ಷಿ. 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ.

ಪಿನ್ಯಾವ್ ಸ್ಟೇಷನ್ನಿನ ಗೋಡೆಯಲ್ಲೂ ಟೈಲ್ಸ್ ಚಿತ್ರಗಳು, ಇಲ್ಲಿ ರಾಜರಿಲ್ಲ, ದ್ರಾಕ್ಷಿ ಕೀಳುವವರು, ಬುಟ್ಟಿ ಹೊತ್ತವರು, ಪೀಪಾಯಿ ತುಂಬಿದ ದೋಣಿ. ನನಗೆ ಸಾವ್ ಬೆಂತೊಗಿಂತ ಇದೇ ಹತ್ತಿರವೆನಿಸಿತು. ನಡೆದೇ ಹೋಗಬಹುದಾದ ಒಂದು ತೋಟಕ್ಕೆ ಮೊದಲೇ ಬುಕ್ ಮಾಡಿದ್ದೆವು. ಕೊಯ್ಲಿನ ಕಾಲದಲ್ಲಿ ಬುಕ್ ಮಾಡದೆ ಹೋಗಬೇಡಿ.

ಅಲ್ಲಿ ಮಣ್ಣು ಎಂಬುದೇ ಇಲ್ಲ. ಪದರ ಪದರವಾಗಿ ಬಿಡುವ ಶಿಸ್ಟ್ ಕಲ್ಲು. ಅದನ್ನು ಒಡೆದು ತೋಟ ಮಾಡಿದ್ದಾರೆ, ಕಟ್ಟೆಯೂ ಅದೇ ಕಲ್ಲು. ಬೇರು ಕಲ್ಲಿನ ಬಿರುಕಿನಲ್ಲಿ ನುಸುಳಿ ನೀರು ಹುಡುಕುತ್ತಾ ಆಳಕ್ಕೆ ಹೋಗುತ್ತದೆ. ಇಲ್ಲಿನ ಹವಾಮಾನಕ್ಕೆ ಒಂಬತ್ತು ತಿಂಗಳು ಚಳಿಗಾಲ, ಮೂರು ತಿಂಗಳು ನರಕ ಎಂಬ ಗಾದೆಯಿದೆ. ಸೆಪ್ಟೆಂಬರ್ ಕೊನೆಗೂ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಕಡಿದಾದ ಇಳಿಜಾರಿನಲ್ಲಿ ಯಂತ್ರ ಹೋಗುವುದಿಲ್ಲ. ಹೆಂಗಸರು, ಗಂಡಸರು ಬಗ್ಗಿ ಕತ್ತರಿಯಲ್ಲಿ ಗೊಂಚಲು ಕತ್ತರಿಸಿ ಬಕೆಟ್ಟಿಗೆ ಹಾಕುತ್ತಿದ್ದರು. ನಾವು ಟೋಪಿ ಹಾಕಿಕೊಂಡು ಫೋಟೊ ತೆಗೆಯುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಇವರೇ ಫೋನ್ ಜೇಬಿಗೆ ಹಾಕಿದರು.

ಗ್ರಾನೈಟ್ ತೊಟ್ಟಿಯಲ್ಲಿ ದ್ರಾಕ್ಷಿ ತುಳಿಯುವುದು ಇಂದಿಗೂ ಇದೆ, ಒಳ್ಳೇ ಪೋರ್ಟಿಗೆ. ಹೆಗಲ ಮೇಲೆ ಕೈ ಹಾಕಿ ಸಾಲಾಗಿ ನಿಂತು, ಮೊದಲು ಎಡ ಬಲ ಎಂದು ನಿಧಾನ ಹೆಜ್ಜೆ. ಅದು ಮುಗಿದ ಮೇಲೆ ಸಂಗೀತ ಹಾಕಿ ಮನಸ್ಸಿಗೆ ಬಂದ ಹಾಗೆ ಕುಣಿತ. ಕಾಲಿನ ತೂಕಕ್ಕೆ ಸಿಪ್ಪೆ ಒಡೆಯುತ್ತದೆ, ಕಹಿ ಬೀಜ ಒಡೆಯುವುದಿಲ್ಲ. ಕೆಲವು ಕಡೆ ಕಾಲಿನ ಬದಲು ಯಂತ್ರದ ಪಾದ ಬಂದಿದೆ.

ಎಲ್ಲ ದ್ರಾಕ್ಷಿಯೂ ಪೋರ್ಟ್ ಆಗುವಂತಿಲ್ಲ. ತೋಟಗಳಿಗೆ ಎ ಇಂದ ಎಫ್‌ವರೆಗೆ ದರ್ಜೆ ಇದೆ, ಈ ವರ್ಷ ಎಷ್ಟು ಪೋರ್ಟ್ ಮಾಡಬಹುದು ಎಂದು ಸರ್ಕಾರದ ಸಂಸ್ಥೆ ಪ್ರತಿವರ್ಷ ಹೇಳುತ್ತದೆ. ಉಳಿದದ್ದು ಬ್ರಾಂದಿ ಸೇರಿಸದ ಸಾಮಾನ್ಯ ವೈನ್ ಆಗುತ್ತದೆ. ಊಟದ ಜೊತೆ ಕೊಟ್ಟ, ಟೂರಿಗಾ ನಾಸಿಯೊನಾಲ್ ಎಂಬ ದ್ರಾಕ್ಷಿಯ ಕೆಂಪು ವೈನ್ ನಾನು ಈ ಪ್ರವಾಸದಲ್ಲಿ ಕುಡಿದದ್ದರಲ್ಲೇ ಮೇಲು. ಪೋರ್ಟ್ ಹುಡುಕಿಕೊಂಡು ಬಂದವರು ಇದನ್ನು ಸುಮ್ನೆ ಪಕ್ಕಕ್ಕೆ ತಳ್ಳಬೇಡಿ.

ಹಿಂದೆ ಪೀಪಾಯಿಗಳು ರಬೇಲೊ ಎಂಬ ಚಪ್ಪಟೆ ತಳದ ದೋಣಿಯಲ್ಲಿ ಈ ನದಿಯಲ್ಲೇ ಗಾಯಾಕ್ಕೆ ಇಳಿಯುತ್ತಿದ್ದವು. ಸುಳಿ, ಬಂಡೆ, ಸಾವು ಎಲ್ಲ ಇತ್ತು. ಕಳೆದ ಶತಮಾನದಲ್ಲಿ ಅಣೆಕಟ್ಟುಗಳು ಬಂದು ನದಿ ಕೆರೆಯಂತಾಯಿತು. ಈಗ ವೈನ್ ಲಾರಿಯಲ್ಲಿ ಹೋಗುತ್ತದೆ, ರಬೇಲೊಗಳು ಗಾಯಾ ದಡದಲ್ಲಿ ಕಂಪನಿಗಳ ಜಾಹೀರಾತು ಹೊತ್ತು ನಿಂತಿವೆ.

ಶುಕ್ರವಾರ, ಬೆಲೆಂ

ಬೆಳಗಿನ ರೈಲಿಗೆ ಲಿಸ್ಬನ್ನಿಗೆ ವಾಪಸ್, ಮಧ್ಯಾಹ್ನ ಅಲ್ಲೇ ನದಿ ದಡದ ಬೆಲೆಂ ಬಡಾವಣೆ. ಜೆರೋನಿಮೊಸ್ ಮಠ ಶುರುವಾದದ್ದು 16ನೇ ಶತಮಾನದ ಮೊದಲ ವರ್ಷಗಳಲ್ಲಿ. ಖರ್ಚು ಬಂದದ್ದು ಪೂರ್ವದಿಂದ ಬರುವ ಸಾಂಬಾರ ಪದಾರ್ಥಗಳ ಮೇಲಿನ ಶೇಕಡಾ 5 ತೆರಿಗೆಯಿಂದ. ಕಂಬಗಳಲ್ಲಿ ಹಗ್ಗ, ಹವಳ, ಎಲೆ ಬಳ್ಳಿ ಕೆತ್ತಿದ್ದಾರೆ, ಕಲ್ಲು ಎಂದು ನಂಬಲು ಆಗುವುದಿಲ್ಲ. ನಮ್ಮ ಕರಾವಳಿಯ ಕಾಳುಮೆಣಸಿನ ಪಾಲೂ ಇದರಲ್ಲಿದೆ ಎಂದು ನೋಡಿದಾಗ ಆ ಚೆಂದ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ಬಾಗಿಲ ಹತ್ತಿರ ವಾಸ್ಕೊ ಡ ಗಾಮಾನ ಸಮಾಧಿ. ಅವನು 1524ರಲ್ಲಿ ಸತ್ತದ್ದು ಕೊಚ್ಚಿಯಲ್ಲಿ, ಮೂಳೆಗಳನ್ನು ಆಮೇಲೆ ಇಲ್ಲಿಗೆ ತಂದರು. ಪಕ್ಕದವರು ಸೆಲ್ಫಿ ತೆಗೆದರು. 1502ರಲ್ಲಿ ಹಜ್ ಯಾತ್ರಿಕರಿದ್ದ ಹಡಗನ್ನು ಜನರ ಸಮೇತ ಸುಟ್ಟವನೂ ಇವನೇ. ಶಾಲೆಯಲ್ಲಿ ಜಲಮಾರ್ಗ ಕಂಡುಹಿಡಿದವನು ಎಂದಷ್ಟೇ ಓದಿದ್ದೆವು. ಉಳ್ಳಾಲದ ಅಬ್ಬಕ್ಕ ಯಾರ ವಿರುದ್ಧ ನಿಂತಳು ಎಂಬುದು ಬೇರೆ ಪಾಠದಲ್ಲಿತ್ತು, ಎರಡನ್ನೂ ಯಾರೂ ಜೋಡಿಸಲಿಲ್ಲ. ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ.

1837ರಿಂದ ಇರುವ ಬೆಲೆಂ ಕಸ್ಟರ್ಡ್ ಟಾರ್ಟ್ ಅಂಗಡಿ ಪಕ್ಕದಲ್ಲೇ ಇದೆ. ಪಾರ್ಸಲ್ ಸಾಲಿನ ಉದ್ದ ನೋಡಿ ಹೆದರಬೇಡಿ, ಒಳಗೆ ಕೂರಲು ಬಹಳ ಜಾಗವಿದೆ. ಮೊಟ್ಟೆಯ ಹಳದಿ ಹಾಕಿದ್ದು. ಇವರು ಮುಟ್ಟಲಿಲ್ಲ, ನಾನು ಇಬ್ಬರ ಪಾಲೂ ತಿಂದೆ.

ಶನಿವಾರ, ಹಡಗು

ನಮ್ಮ ಹಡಗಿನಲ್ಲಿ ತಲೆಗೆ ಒಂದು 750 ಮಿಲಿ ಬಾಟಲಿ ವೈನ್ ತರಬಹುದು ಎಂದಿತ್ತು. ಒಂದೊಂದು ಹಡಗಿಗೆ ಒಂದೊಂದು ನಿಯಮ, ಮೊದಲೇ ಓದಿಕೊಳ್ಳಿ. ಬಾಟಲಿ ಕೈಚೀಲದಲ್ಲೇ ಇರಲಿ, ಒಪ್ಪಿಸುವ ಸೂಟ್‌ಕೇಸಿನಲ್ಲಿ ಬೇಡ. 20ರ ಟಾನಿ ಒಂದು, ಡೋರೊ ಕೆಂಪು ಒಂದು. ಎಕ್ಸ್‌ರೇ ಹತ್ತಿರ ಸೆಕ್ಯುರಿಟಿಯವರು ಟಾನಿ ಎತ್ತಿ ಹಿಡಿದು ಇದು ವೈನಾ, ಮದ್ಯವಾ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಮೂರನೆಯವನು ಪೋರ್ಚುಗೀಸ್, ಲೇಬಲ್ ನೋಡಿ ನಕ್ಕು, ಹೋಗಿ ಎಂದು ಕೈ ಬೀಸಿದ.

ಲೈಫ್ ಜಾಕೆಟ್ ಎಲ್ಲಿದೆ, ಸೈರನ್ ಆದರೆ ಎಲ್ಲಿ ಸೇರಬೇಕು ಎಂಬ ಪಾಠ ಮುಗಿಸಿ ಮೇಲಿನ ಡೆಕ್ಕಿಗೆ ಓಡಿದೆವು. ಇಲ್ಲಿಂದ ಹೊರಡುವಾಗ ಕೋಣೆಯಲ್ಲಿ ಕೂರುವವರು ಬಹಳ ಕಳೆದುಕೊಳ್ಳುತ್ತಾರೆ. ಹಡಗು 25 ಏಪ್ರಿಲ್ ಎಂಬ ಹೆಸರಿನ ಸೇತುವೆಯ ಕೆಳಗೆ ಹಾಯುತ್ತದೆ. 1966ರ ತೂಗು ಸೇತುವೆ, ನೀರಿನಿಂದ 70 ಮೀಟರ್ ಎತ್ತರ. ಕೆಳಗೆ ನಿಂತಾಗ ಹೊಗೆಕೊಳವೆ ಬಡಿದೇ ಬಿಡುತ್ತದೆ ಎನಿಸಿ ಎಲ್ಲರೂ ತಲೆ ತಗ್ಗಿಸಿದರು, ಇವರೂ ಸೇರಿ. ವಾಹನಗಳ ಚಕ್ರ ಉಕ್ಕಿನ ಜಾಲಿಯ ಮೇಲೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಆಮೇಲೆ ಬಲಕ್ಕೆ ಬೆಲೆಂ. ನಾವಿಕರ ಸ್ಮಾರಕವನ್ನು ಹಡಗಿನ ಮೂತಿಯ ಹಾಗೆ ನದಿಗೆ ಚಾಚಿ ಕಟ್ಟಿದ್ದಾರೆ. ಅದು ಸರಿಯಾಗಿ ಕಾಣುವುದು ನೀರಿನಿಂದಲೇ.

ರಾತ್ರಿ ಊಟಕ್ಕೆ ಡೋರೊ ಕೆಂಪು ಒಯ್ದೆವು. ಮೇಜಿನ ಮೇಲೆ ತೆರೆಯಲು ಬೇರೆ ಶುಲ್ಕ, ಕೋಣೆಯಲ್ಲಾದರೆ ಇಲ್ಲ. ಟಾನಿಯನ್ನು ಕೋಣೆಗೇ ಉಳಿಸಿದೆವು. ಮುಂದೆ ಒಂದು ದಿನ ಪೂರ್ತಿ ಸಮುದ್ರ, ಆಮೇಲೆ ಮಡೈರಾದ ಫುಂಚಾಲ್. ಇವರು ಆಗಲೇ ಅಲ್ಲಿನ ವೈನ್ ಬಗ್ಗೆ ಓದಲು ಶುರು ಮಾಡಿದ್ದರು. ಆ ಕಾಲದಲ್ಲಿ ಮಡೈರಾ ಪೀಪಾಯಿಗಳು ಹಡಗಿನ ತಳದಲ್ಲಿ ಉಷ್ಣವಲಯ ದಾಟಿ ಹೋಗಿ, ಸೆಕೆಯಲ್ಲಿ ಬೆಂದು, ಮೊದಲಿಗಿಂತ ರುಚಿಯಾಗುತ್ತಿದ್ದವಂತೆ. ಬರೀ ಅದಕ್ಕಾಗಿಯೇ ಪೀಪಾಯಿಗಳನ್ನು ಸಮುದ್ರ ಸುತ್ತಿಸಿ ವಾಪಸ್ ತರುತ್ತಿದ್ದರಂತೆ. ಈಗ ಅದೇ ಸೆಕೆಯನ್ನು ದ್ವೀಪದಲ್ಲೇ, ತೊಟ್ಟಿ ಬಿಸಿ ಮಾಡಿಯೋ ಅಟ್ಟದ ಮೇಲಿಟ್ಟೋ ಕೊಡುತ್ತಾರೆ.

"ಫುಂಚಾಲ್‌ನಲ್ಲಿ ಹಡಗು ಎಷ್ಟು ಹೊತ್ತು ನಿಲ್ಲುತ್ತೆ ನೋಡ್ರೀ" ಎಂದೆ.

"ಬೆಳಗ್ಗೆ ಎಂಟರಿಂದ ಸಂಜೆ ಐದು. ಗೋದಾಮು ಹತ್ತಕ್ಕೆ ತೆಗೆಯುತ್ತೆ. ಬುಕ್ ಮಾಡಿದ್ದೀನಿ."